ಶಾಲೆಯ ತಾರಸಿಯ ಟ್ಯಾಂಕು

"ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ..."

ಹೊಸ ಸಾಹೇಬರು ನಗುತ್ತಾ ಹೇಳಿದಾಗ ಅವಳ ಮೈಯೆಲ್ಲಾ ಉರಿದುಹೋಯಿತು.

ನೋಡದೆ ಏನು? ಗಾಳಿಯಲ್ಲಿನ ಹೊಗೆ ಅಳೆಯುವ ಸರ್ಕಾರಿ ಇಂಜಿನಿಯರ್ ಅವಳು. ಅವನೋ, ಮೊನ್ನೆ ಮೊನ್ನೆಯವರೆಗೂ ಕಾರ್ಖಾನೆ ಮಾಲೀಕರ ಪರವಾಗಿ ಊರೆಲ್ಲಾ ಸುತ್ತಿ ವಕಾಲತ್ತು ವಹಿಸುತ್ತಿದ್ದವನು. "ಮೇಡಂ, ಹೊಗೆ ಇರೋದು ಚಿಮಣಿಯಲ್ಲಲ್ಲ, ನಿಮ್ಮ ತಲೆಯಲ್ಲಿ!" ಎಂದು ತುಂಬಿದ ಸಭೆಯನ್ನು ನಗಿಸಿದವನು. ಈಗ ಗಾಳಿ ಕಾಯುವ ಇಲಾಖೆಗೆ ಅವನೇ ಮುಖ್ಯಸ್ಥ!

'ಥೂ! ಕುರ್ಚಿ ಬದಲಾದ ಮಾತ್ರಕ್ಕೆ ಬುದ್ಧಿ ಬದಲಾಗುತ್ತದೆಯೇ?'

"ನೋಡಿರ್ತೀರಿ ಸರ್. ಅವತ್ತಿನ ಸಭೆಯಲ್ಲಿ ನಗದೇ ಇದ್ದವಳು ನಾನೊಬ್ಬಳೇ."

ಅವನ ನಗು ಮುಖದಲ್ಲೇ ನಿಂತುಹೋಯಿತು.

ಸಂಜೆ ಅಮ್ಮನ ಮುಂದೆ ಅವಳ ಅರ್ಚನೆ ಶುರುವಾಯಿತು. "ಅವತ್ತಿನ ಸಭೆಯಲ್ಲಿ ಆ ನೀಲಿ ಟೈ, ಆ ಹಲ್ಲು ಕಿರಿಯೋ ಮುಖ... ಕಪಟಿ!"

"ಅಲ್ಲ ಕಣೇ, ಆ ಸಭೆ ಮುಗಿದು ವರ್ಷಗಳೇ ಆಯ್ತು. ಟೈ ಬಣ್ಣ ಇನ್ನೂ ನೆನಪಿದೆಯಾ ನಿನಗೆ?"

"ಅಮ್ಮಾ!"

ವಾರ ಕಳೆಯುವ ಮುನ್ನವೇ ಅವನ ಆದೇಶ ಬಂತು. ಕಾರ್ಖಾನೆ ಪಕ್ಕದ ಶಾಲೆಯ ತಾರಸಿಯಲ್ಲಿದ್ದ ಹೊಗೆ ಅಳೆಯುವ ಯಂತ್ರವನ್ನು ಬಿಚ್ಚಬೇಕಂತೆ! ಮಕ್ಕಳು ಕೆಮ್ಮಿ ಸಾಯುತ್ತಿದ್ದರೂ ಆ ಯಂತ್ರ 'ಗಾಳಿ ಚೆನ್ನಾಗಿದೆ' ಎನ್ನುತ್ತಿತ್ತು. ಎಂದಾದರೂ ಅದು ನಿಜ ಹೇಳೀತೆಂದು ಅವಳು ಕಾದಿದ್ದಳು. ಅದೂ ಹೋದರೆ ಕಾರ್ಖಾನೆಯನ್ನು ತಡೆಯುವವರೇ ಇಲ್ಲ.

ಅವಳು ಶಾಲೆಯ ಮೆಟ್ಟಿಲು ಹತ್ತಿ ಓಡಿದಳು. ಅಂಗಿಯ ತೋಳು ಮಡಚಿಕೊಂಡು, ಸ್ಪ್ಯಾನರ್ ಹಿಡಿದು, ಅವನೇ ಬೋಲ್ಟ್ ಬಿಚ್ಚುತ್ತಿದ್ದ.

"ನಾಚಿಕೆ ಆಗಲ್ವಾ? ಹಳೇ ಧಣಿಗಳ ಋಣ ತೀರಿಸೋಕೆ ನೀವೇ ಬಂದ್ರಾ?"

"ಬೈದುಬಿಡಿ. ಆದ್ರೆ ಒಂದ್ಸಲ ಆ ಟ್ಯಾಂಕ್ ನೋಡಿ."

ಯಂತ್ರಕ್ಕೂ ಚಿಮಣಿಗೂ ನಡುವೆ ಗೋಡೆಯಂಥ ನೀರಿನ ಟ್ಯಾಂಕು. ಕಾರ್ಖಾನೆಯವರು ಶಾಲೆಗೆ ದಾನ ಕೊಟ್ಟದ್ದು. ಉದ್ಘಾಟನೆಯ ದಿನ ಅವಳೂ ಚಪ್ಪಾಳೆ ತಟ್ಟಿದ್ದಳು. ಯಂತ್ರದ ಧೂಳು ಒರೆಸಲು ಬಂದಾಗಲೆಲ್ಲ ಅದರ ನೆರಳಲ್ಲೇ ಸುಧಾರಿಸಿಕೊಂಡಿದ್ದಳು.

"ಚಿಮಣಿ ಕಡೆಯಿಂದ ಬರೋ ಗಾಳಿಗೆ ಅದು ಅಡ್ಡ. ಬೇಕಂತಲೇ ಅಲ್ಲಿ ಇಡಿಸಿದ್ದು... ನಾನೇ."

'ಅಯ್ಯೋ, ಇವನೂ ಒಬ್ಬ ಮನುಷ್ಯನಾ!' ಅವಳಿಗೆ ಅವನ ಮೇಲೆ ಎಷ್ಟು ಹೇಸಿಗೆಯಾಯಿತೋ, ಕಣ್ಣಿದ್ದೂ ಕಾಣದ ತನ್ನ ಮೇಲೂ ಅಷ್ಟೇ ಆಯಿತು.

ಇಬ್ಬರೂ ಸೇರಿ ಯಂತ್ರವನ್ನು ಎತ್ತಿ ಟ್ಯಾಂಕಿನ ಆಚೆಗೆ ಇಟ್ಟರು. ಗಾಳಿ ಬೀಸಿತು. ಪರದೆಯ ಅಂಕಿ ಏರುತ್ತಾ ಏರುತ್ತಾ ಕೆಂಪಾಯಿತು. ಅವಳ ಕಣ್ಣು ತುಂಬಿ ಬಂತು.

"ಈಗ ಯಾಕೆ ಈ ಬುದ್ಧಿ?"

"ಎಲ್ಲೋ ನೋಡಿದ ಹಾಗಿದೆ ಅಂದಿದ್ದು ಸುಳ್ಳು. ಅವತ್ತು ನೀವು ನನ್ನನ್ನ ಹುಳ ನೋಡಿದ ಹಾಗೆ ನೋಡಿದ್ರಿ. ಆ ನೋಟ ನನ್ನ ಬಿಡಲೇ ಇಲ್ಲ. ಈ ಕೆಲಸ ಕೇಳ್ಕೊಂಡು ಬಂದಿದ್ದೇ ಅದಕ್ಕೆ... ನಿಮ್ಮನ್ನ ಇಷ್ಟಪಡೋ ಯೋಗ್ಯತೆ ನನಗಿಲ್ಲ. ಆದ್ರೂ ಇಷ್ಟಪಡ್ತೀನಿ."

"ಕಾರ್ಖಾನೆಗೆ ನೋಟಿಸ್ ಕೊಟ್ರೆ, ಟ್ಯಾಂಕ್ ಇಡಿಸಿದ್ದು ಯಾರು ಅಂತ ಕೇಳ್ತಾರೆ."

"ನಾನೇ ಅಂತೀನಿ."

"ಕುರ್ಚಿ ಹೋಗುತ್ತೆ!"

"ಹೋಗ್ಲಿ."

ಅವಳು ಕರವಸ್ತ್ರ ಚಾಚಿದಳು. "ಮುಖದ ಮಸಿ ಒರೆಸ್ಕೊಳ್ಳಿ. ನೋಡೋಕೆ ಅಸಹ್ಯ."

"ಮಸಿನಾ, ನಾನಾ?"

"ಎರಡೂ! ನೋಟಿಸ್ ಕೊಟ್ಟು ಸಂಜೆ ಮನೆಗೆ ಬನ್ನಿ. ನಿಮ್ಮನ್ನ ಬೈಯೋದು ಕೇಳಿ ಕೇಳಿ ಅಮ್ಮನಿಗೆ ಸಾಕಾಗಿದೆ. ಒಂದ್ಸಲ ಮುಖ ನೋಡ್ಬೇಕಂತೆ."

"ಏನ್ ಹಾಕ್ಕೊಂಡು ಬರ್ಲಿ?"

ಅವಳು ಮುಖ ಆಚೆ ತಿರುಗಿಸಿದಳು.

"ಆ ನೀಲಿ ಟೈ..."