ಈರೋಡಿನಿಂದ ಬಂದ ಏಳು ಹಾಳೆ

ಲಕೋಟೆಯೊಳಗೆ ಏಳು ಹಾಳೆ ಇರಬೇಕಿತ್ತು. ಇದ್ದದ್ದು ಒಂದೇ.

ಸರ್ವಮಂಗಳಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡು ದಿನ ಜ್ವರದಲ್ಲಿ ಮಲಗಿದ್ದು ಆ ಶನಿವಾರವಷ್ಟೇ ಕೆಲಸಕ್ಕೆ ಬಂದಿದ್ದರು. ಬನ್ನಿಮಂಟಪದ ಹಳೆಯ ಬಂಗಲೆ, ಅದರೊಳಗಿನ ಮಕ್ಕಳ ಸಂಸ್ಥೆಯ ಕಚೇರಿ, ಹೊರಗೆ ಜೂನ್ ತಿಂಗಳ ಸೋನೆ— ಎಲ್ಲವೂ ನೀರಿನಡಿಯಿಂದ ನೋಡಿದ ಹಾಗೆ ತೇಲುತ್ತಿತ್ತು. ಕಾಗದದ ಅಕ್ಷರಗಳು ಮಾತ್ರ ಅಲುಗಾಡದೆ ನಿಂತಿದ್ದವು.

'ಲಾಸ್ಯಳ ದೊಡ್ಡಮ್ಮ ದೇವಿರಮ್ಮ ಮಾಡುವ ನಮಸ್ಕಾರಗಳು. ಮಗುವನ್ನು ಸಾಕುವ ಶಕ್ತಿ ನನಗಿಲ್ಲ. ಅವಳು ಅಲ್ಲಿಯೇ ಇರಲಿ. ಗುಡುಗಿದರೆ ಅಡಿಗೆಮನೆ ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ಳುತ್ತಾಳೆ. ಆಗ ಯಾರೂ ಬೈಯಬಾರದು.'

ಲಾಸ್ಯಳಿಗೆ ಆರು ವರ್ಷ. ತಂದೆಯಿಲ್ಲ, ತಾಯಿ ಮೈಸೂರಿನಲ್ಲಿ ಕಾಯಿಲೆಯಾಗಿ ತೀರಿಕೊಂಡಿದ್ದಳು. ಒಂದೂವರೆ ವರ್ಷದಿಂದ ರಾಮಕೃಷ್ಣನಗರದ ದಂಪತಿಗಳು, ವೃಷಭೇಂದ್ರಪ್ಪ ಮೇಷ್ಟ್ರು ಮತ್ತು ಪ್ರೇಮಲೀಲಾ, ಅವಳನ್ನು ತಾತ್ಕಾಲಿಕವಾಗಿ ಸಾಕುತ್ತಿದ್ದರು. ಅಷ್ಟರಲ್ಲಿ ತಾಯಿಯ ಒಡಹುಟ್ಟಿದವಳೊಬ್ಬಳು ತಮಿಳುನಾಡಿನ ಈರೋಡ್ ಜಿಲ್ಲೆಯ ಸತ್ಯಮಂಗಲದಲ್ಲಿರುವುದು ಪತ್ತೆಯಾಯಿತು. ಚಾಮರಾಜನಗರದ ಕಡೆಯವಳು, ಮದುವೆಯಾಗಿ ಗಡಿ ದಾಟಿದವಳು. ಬಸ್ಸಿನಲ್ಲಿ ಐದು ಗಂಟೆಯ ದಾರಿ. ಕಾಗದಪತ್ರಗಳಿಗೆ ಎಂಟು ತಿಂಗಳು ಹಿಡಿದಿತ್ತು. ಅವಳ ಮನೆ ನೋಡಿ ಈರೋಡಿನ ಅಧಿಕಾರಿ ಬರೆದ ವರದಿ ಗುರುವಾರ ಬಂದಿತ್ತು. ಸೋಮವಾರ ಬೆಳಿಗ್ಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತೀರ್ಮಾನ.

"ಮರಿಸ್ವಾಮಿ, ರಿಜಿಸ್ಟರ್ಡ್ ಲಕೋಟೆ ಒಡೆದೋರು ಯಾರು?"

"ನಾನೇ ಮೇಡಂ." ಗುಮಾಸ್ತ ಮರಿಸ್ವಾಮಿ ಎದ್ದು ಬಂದರು. "ಏಳು ಹಾಳೆ, ಜೊತೆಗೆ ಫೋಟೊ. ಮೊದಲನೇ ಹಾಳೆಗೆ ತಾರೀಕಿನ ಮುದ್ರೆ ಒತ್ತಿ ಲಕೋಟೆ ಸಮೇತ ಕಡತದಲ್ಲಿಟ್ಟೆ. ಓದ್ಲಿಲ್ಲ."

"ಇದಕ್ಕೆ ಮುದ್ರೆ ಇಲ್ವಲ್ಲ?"

ಮರಿಸ್ವಾಮಿಯ ಮುಖ ಬಿಳಿಚಿತು. "ಈ ಕಾಗದಾನ ನಾನು ನೋಡೇ ಇಲ್ಲ ಕಣ್ರೀ ಮೇಡಂ."

"ಆಮೇಲೆ ಕಡತ ಮುಟ್ಟಿದೋರು?"

"ಗುರುವಾರ ಫೋನ್ ಮಾಡಿ ಹೇಳಿದ್ದೆ, ವರದಿ ಬಂದಿದೆ, ಬಂದು ಸಹಿ ಮಾಡಿ ಅಂತ. ನಿನ್ನೆ ಗಂಡ ಹೆಂಡ್ತಿ ಬಂದಿದ್ರು. ಸಹಿ ಮಾಡ್ತಾ ಆಯಮ್ಮ ಅತ್ಬುಟ್ರು. ಮುಖ ತೊಳ್ಕೊಳ್ಳಿ ಅಂತ ಹಿಂದಿನ ನಲ್ಲಿ ಹತ್ರ ಕರ್ಕೊಂಡು ಹೋದೆ."

"ಕಡತ?"

"ಮೇಜಿನ ಮೇಲಿತ್ತು. ಮೇಷ್ಟ್ರು ಕೂತಿದ್ರು. ಆಯಮ್ಮ ಬಂದು ಚೀಲ ಎತ್ಕೊಂಡ್ರು, ಹೊರಟ್ರು."

"ನೀವು ಯಾವತ್ತಾದ್ರೂ ಅವರ ಮನೆಗೆ ಹೋಗಿದ್ದೀರಾ? ಮಗೂನ ನೋಡಿದ್ದೀರಾ?"

"ಇಲ್ಲ. ಕಡತದ ಫೋಟೊದಲ್ಲಿ ನೋಡಿರೋದಷ್ಟೇ."

ಸರ್ವಮಂಗಳಾ ಈರೋಡಿಗೆ ಫೋನು ಮಾಡಿದರು. ಶನಿವಾರ, ಯಾರೂ ಎತ್ತಲಿಲ್ಲ. ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದರು. ಸೋನೆಯೊಳಗೆ ಊರು ಅರೆನಿದ್ದೆಯಲ್ಲಿತ್ತು. ಮರಗಳು ದಾರಿಯ ಮೇಲೆ ಬಾಗಿ ಏನನ್ನೋ ಕೇಳಿಸಿಕೊಳ್ಳುವಂತಿದ್ದವು. ಎಂಟು ತಿಂಗಳಿಂದ ಪ್ರೇಮಲೀಲಾ ಅಳುವುದನ್ನು ಅವರು ಕಂಡಿದ್ದರು. ಅವಳೇ ಇರಬೇಕೆ? ಬೇರೆ ಯಾರಿದ್ದಾರೆ?

ಮಧ್ಯಾಹ್ನ ಮೂರು ಗಂಟೆ. ಪ್ರೇಮಲೀಲಾ ಬೆರಳನ್ನು ತುಟಿಗಿಟ್ಟು ಬಾಗಿಲು ತೆರೆದಳು. ನಡುಮನೆಯ ಚಾಪೆಯ ಮೇಲೆ ಲಾಸ್ಯ ಮಲಗಿದ್ದಳು. ಹೊಗೆಬಣ್ಣದ ಬೆಳಕು ಕಿಟಕಿಯಿಂದ ಇಳಿದು ಅವಳ ಕೂದಲ ಮೇಲೆ ನಿಂತಿತ್ತು. ಪ್ರೇಮಲೀಲಾಳ ಗಂಡ ವೃಷಭೇಂದ್ರಪ್ಪ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಜಗಲಿಯಲ್ಲಿ ಪೆನ್ಸಿಲ್ ಹೆರೆಯುತ್ತಿದ್ದರು.

"ವರದಿ ಬಂತಂತಲ್ಲ. ಯಾವತ್ತು ಕರ್ಕೊಂಡು ಹೋಗ್ತೀರಿ?" ಎಂದರು. ಯಾವಾಗಲೂ ಅವರದು ಇದೇ ಮಾತು: ಕಾನೂನು ಏನು ಹೇಳುತ್ತದೋ ಹಾಗೆ.

"ದೇವಿರಮ್ಮ ಮಗು ಬೇಡ ಅಂತ ಬರೆದಿದಾರೆ."

ಪ್ರೇಮಲೀಲಾ ಗೋಡೆ ಹಿಡಿದುಕೊಂಡಳು. ಸಂತೋಷವೇ? ಅವಳ ಮುಖದಲ್ಲಿ ಇದ್ದದ್ದು ಗಾಬರಿ. "ಯಾಕೆ? ಏನಾಯ್ತು ಆಕೇಗೆ? ಹುಷಾರಿಲ್ವಾ?"

ಚಾಪೆಯ ಮೇಲೆ ಮಗು ಹೊರಳಿತು. ಕಣ್ಣು ಮುಚ್ಚಿಯೇ ಇತ್ತು. "ಚಿಗಮ್ಮ," ಎಂದಿತು, ಎಲ್ಲೋ ದೂರದ ಬಯಲಿನಲ್ಲಿ ನಿಂತು ಕೂಗುವವಳ ದನಿಯಲ್ಲಿ. "ಚಿಗಮ್ಮ, ತೂಗು."

ಸರ್ವಮಂಗಳಾ ಮಗುವಿನ ಕಡೆ ತಿರುಗಿದರು.

"ನಿದ್ದೇಲಿ ಹಿಂಗೇ ಕರೀತಾಳೆ," ಪ್ರೇಮಲೀಲಾ ಪಿಸುಗುಟ್ಟಿದಳು. "ಆಕೇನ ಎರಡು ವರ್ಷದವಳಿದ್ದಾಗ ನೋಡಿದ್ದಂತೆ. ಎದ್ರೆ ನೆನಪೇ ಇರಲ್ಲ."

"ನಿಮ್ಮ ಯಜಮಾನ್ರೂ ಕೇಳಿಸ್ಕೊಂಡಿದಾರಾ?"

"ಅವ್ರು ಗೊರಕೆ ಹೊಡೀತಾರೆ ಅಂತ ಮುಂದಿನ ರೂಮಲ್ಲಿ ಮಲಗ್ತಾರೆ. ಮಧ್ಯಾಹ್ನ ಸ್ಕೂಲಲ್ಲಿರ್ತಾರೆ."

"ಗುಡುಗಿಗೆ ಮಗು ಹೆದರ್ಕೊಳ್ಳುತ್ತಾ?"

"ಮುಂಚೆ ಇರ್ಲಿಲ್ಲ. ಏಪ್ರಿಲ್‌ನಲ್ಲಿ ಎದುರುಮನೆ ತೆಂಗಿನಮರಕ್ಕೆ ಸಿಡಿಲು ಹೊಡೀತಲ್ಲ, ಅವತ್ತಿಂದ. ಅಡಿಗೆಮನೆ ಬಾಗಿಲ ಹಿಂದೆ ಹೋಗಿ ಕೂತ್ಕೊಂಡ್ಬುಡ್ತಾಳೆ. ಇವ್ರೇ ಹೋಗಿ ಪಕ್ಕದಲ್ಲಿ ಕೂತ್ಕೊಳ್ಳೋದು."

ಜಗಲಿಯಲ್ಲಿ ಪೆನ್ಸಿಲ್ ಹೆರೆಯುವ ಸದ್ದು ನಿಂತಿತು.

ಸರ್ವಮಂಗಳಾ ಹೊರಗೆ ಬಂದು ಕಾಗದವನ್ನು ಅವರ ಮುಂದಿಟ್ಟರು.

"ಮೇಷ್ಟ್ರೇ, ಇದನ್ನ ಬರೆದೋರು ನೀವು."

ಅವರು ಪೆನ್ಸಿಲನ್ನು ಕೆಳಗಿಟ್ಟರು.

"ನಾನು ಮೊದಲು ನಿಮ್ಮ ಮನೆಯವರ ಮೇಲೇ ಅನುಮಾನ ಪಟ್ಟೆ. ಆದ್ರೆ ನೋಡಿ— ಇಲ್ಲಿ 'ದೊಡ್ಡಮ್ಮ' ಅಂತಿದೆ. ಆಕೆ ಲಾಸ್ಯನ ತಾಯಿಗಿಂತ ಚಿಕ್ಕವಳು, ಚಿಗಮ್ಮ. ಪ್ರೇಮಲೀಲಾ ದಿನಾ ಕೇಳಿಸ್ಕೊಳ್ಳೋ ಮಾತು ಅದು, ಅವರು ಈ ತಪ್ಪು ಮಾಡೋ ಹಂಗಿಲ್ಲ. ಕಡತದಲ್ಲಿ ಇಂಗ್ಲಿಷಿನಲ್ಲಿ 'ಆಂಟ್' ಅಂತಷ್ಟೇ ಇದೆ. ದೊಡ್ಡವಳೋ ಚಿಕ್ಕವಳೋ ಅದು ಹೇಳಲ್ಲ. ಬರೆದೋರು ಊಹೆ ಮಾಡಿದಾರೆ."

"ಗುಮಾಸ್ತರೂ ಊಹೆ ಮಾಡಬಹುದಲ್ಲ?" ದನಿ ಒಣಗಿತ್ತು.

"ಮಾಡಬಹುದು. ಆದ್ರೆ ಬಾಗಿಲ ಹಿಂದಿನ ಮಗು ಅವರಿಗೆ ಗೊತ್ತಿಲ್ಲ. ನಾಲ್ಕು ವರ್ಷದಿಂದ ನೋಡದ ದೇವಿರಮ್ಮನಿಗೂ ಗೊತ್ತಿಲ್ಲ. ಭಯ ಶುರುವಾಗಿ ಎರಡು ತಿಂಗಳಷ್ಟೇ. ಅದು ಗೊತ್ತಿದ್ದು, ಚಿಗಮ್ಮ ಅನ್ನೋದು ಗೊತ್ತಿಲ್ಲದೋರು ಒಬ್ಬರೇ. ನಲ್ಲಿ ಹತ್ರ ಪ್ರೇಮಲೀಲಾನೂ ಗುಮಾಸ್ತರೂ ಹೋದಾಗ ಕಡತದ ಮುಂದೆ ಕೂತಿದ್ದೋರೂ ಅವರೇ. ಬೈಯಬೇಡಿ ಅನ್ನೋ ಸಾಲು ಬರೀದೇ ಇದ್ದಿದ್ರೆ ನಿಮ್ಮನ್ನ ಹಿಡಿಯಕ್ಕೆ ಆಗ್ತಿರ್ಲಿಲ್ಲ, ಮೇಷ್ಟ್ರೇ."

ವೃಷಭೇಂದ್ರಪ್ಪ ಒಳಗೆ ಹೋದರು. ಡ್ರಾಯಿಂಗ್ ಹಾಳೆಗಳ ಸುರುಳಿಯೊಂದನ್ನು ತಂದು ಬಿಚ್ಚಿದರು. ಮಧ್ಯದಲ್ಲಿ ಏಳು ಹಾಳೆಗಳೂ ಫೋಟೊವೂ ಇದ್ದವು.

"ಹರಿದುಹಾಕೋಣ ಅಂತಲೇ ತಂದೆ," ಎಂದರು. "ಮೂರನೇ ಹಾಳೆ ಓದಿದೆ. ಆಮೇಲೆ ಕೈ ಬರ್ಲಿಲ್ಲ. ವಾಪಸ್ಸು ಕೊಡಕ್ಕೂ ಆಗ್ಲಿಲ್ಲ."

ಪ್ರೇಮಲೀಲಾ ಬಾಗಿಲಲ್ಲಿ ನಿಂತಿದ್ದಳು. "ನೀವಾ?" ಎಂದಳು. "ಕಳಿಸ್ಬೇಕು, ಕಳಿಸ್ಬೇಕು ಅಂತ ನಂಗೆ ಬುದ್ಧಿ ಹೇಳ್ತಿದ್ದೋರು?"

"ನಿಂಗೆ ಅಳಕ್ಕೆ ಬರುತ್ತೆ. ಅತ್ತು ಹಗುರ ಆಗ್ತೀಯ."  ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು. ಹದಿನೆಂಟು ವರ್ಷದ ಸಂಸಾರದಲ್ಲಿ ಅವರು ಅತ್ತದ್ದನ್ನು ಅವಳು ಕಂಡದ್ದು ಅಂದೇ ಮೊದಲು.

ಸರ್ವಮಂಗಳಾ ಇಂಗ್ಲಿಷಿನಲ್ಲಿದ್ದ ಮೂರನೇ ಹಾಳೆಯನ್ನು ನಿಧಾನವಾಗಿ, ಕನ್ನಡ ಮಾಡುತ್ತ ಓದಿದರು. ದೇವಿರಮ್ಮ ಹೊಲಿಗೆ ಕೆಲಸ ಮಾಡುತ್ತಾಳೆ. ಗಂಡ ಒಪ್ಪಿದ್ದಾನೆ. ಮಗುವಿನ ಅಳತೆ ಗೊತ್ತಿಲ್ಲದ್ದರಿಂದ ಒಂದೇ ಬಟ್ಟೆಯಲ್ಲಿ ಮೂರು ಅಳತೆಯ ಫ್ರಾಕು ಹೊಲಿದಿಟ್ಟಿದ್ದಾಳೆ. ಯಾವುದಾದರೂ ಒಂದು ಆಗುತ್ತದೆಂದು.

 ಸೋನೆ ನಿಂತಿತ್ತು, ಸೂರಿನಂಚಿನ ನೀರು ಮಾತ್ರ ಒಂದೊಂದೇ ಹನಿ ಇಳಿಯುತ್ತಿತ್ತು.

"ನಡೆದದ್ದನ್ನ ಸಮಿತಿಗೆ ಹೇಳಲೇಬೇಕು, ಮೇಷ್ಟ್ರೇ."

"ಹೇಳಿ ಮೇಡಂ. ನಾನೂ ಬಂದು ಹೇಳ್ತೀನಿ."

ಪ್ರೇಮಲೀಲಾ ಒಳಗಿನಿಂದ ಅಳತೆಯ ಟೇಪು ತಂದಳು. ಅವಳ ಕಣ್ಣು ಒಣಗಿತ್ತು. ಚಾಪೆಯ ಪಕ್ಕದಲ್ಲಿ ಮಂಡಿಯೂರಿ, ಮಗುವಿಗೆ ಎಚ್ಚರವಾಗದಂತೆ ಭುಜದಿಂದ ಭುಜಕ್ಕೆ ಟೇಪು ಹಿಡಿದಳು.

"ಪೆನ್ಸಿಲ್ ತಗೊಳ್ರೀ," ಎಂದಳು ಗಂಡನಿಗೆ. "ಭುಜ ಹತ್ತು. ಉದ್ದ ಇಪ್ಪತ್ನಾಲ್ಕು. ಇಪ್ಪತ್ತೈದೇ ಬರ್ಕೊಳ್ಳಿ, ಬೆಳೀತಾಳೆ."

ವೃಷಭೇಂದ್ರಪ್ಪ ಕಣ್ಣೊರೆಸಿಕೊಂಡು ಬರೆದುಕೊಂಡರು.