ಗಲಗಲಿ ಹೊಳೆಯಲ್ಲಿ ಮೂರನೇ ಅಳತೆ

ಗಲಗಲಿಯ ಹತ್ತಿರ ಕೃಷ್ಣೆಯಲ್ಲಿ ಬೆಲ್ಲ ಸಾಗಿಸುವ ದೋಣಿಗಳು ಹೂಳಿಗೆ ಸಿಕ್ಕಿಬೀಳುತ್ತಿದ್ದವು. ಹೂಳೆತ್ತುವ ಮೊದಲು ಆಳ ಅಳೆಯಲು ನಾನು ಅಂಬಿಗ ಲಗಮಪ್ಪನ ದೋಣಿ ಹತ್ತಿದೆ. ಮಟಮಟ ಮಧ್ಯಾಹ್ನ. ನಡುಹೊಳೆಯಲ್ಲಿ ಲಂಗರು ಹಾಕಿ ಅವನು ಅಳತೆಯ ಬಿದಿರು ಗಳ ಇಳಿಸಿದ. ಹತ್ತಡಿಗೆ ತಳ ಸಿಕ್ಕಿತು. ಖಾತ್ರಿಗೆಂದು ಮತ್ತೆ ಹಾಕಿಸಿದೆ, ಎಂಟಡಿ. ದೋಣಿ ಅಲುಗಿರಲಿಲ್ಲ.

“ಇನ್ನೊಮ್ಮೆ ಹಾಕು.”

“ಒಂದ ಜಾಗಾದಾಗ ಮೂರನೇ ಸಲ ನಾವು ಗಳ ಹಾಕೂದಿಲ್ರೀ ಸಾಹೇಬ್ರ.”

ಸಿಟ್ಟಿನಿಂದ ಕಸಿದುಕೊಂಡು ನಾನೇ ಹಾಕಿದೆ. ಐದಡಿ. ತಳ ಮೆತ್ತಗಿತ್ತು, ಒತ್ತಿದರೆ ತಿರುಗಿ ಒತ್ತಿತು. ಮೇಲೆತ್ತಿದ ಗಳದ ತುದಿಗೆ ಕೆಸರಿರಲಿಲ್ಲ. ಮುಟ್ಟಿದರೆ ಬೆಚ್ಚಗಿತ್ತು. ಲಗಮಪ್ಪ ಲಂಗರು ಎತ್ತಿ ದೋಣಿಯನ್ನು ದಡಕ್ಕೆ ತಿರುಗಿಸಿದ.

ವಾರದ ನಂತರ ಹೂಳೆತ್ತುವವರು ಅದೇ ಜಾಗದಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರು. ಅಲ್ಲಿ ಹೂಳೇ ಇರಲಿಲ್ಲ. ನಲವತ್ತಡಿ ನೀರಿತ್ತು.

ಲಗಮಪ್ಪನ ಗಳದ ಉದ್ದವೇ ಹದಿನೈದಡಿ.