ರಾಚವ್ವನ ಹೆಸರು ಹೇಳಿದವರು

"ನಾ ಕಳ್ಳಿ ಅಲ್ರೀ ಬಾಯಾರ. ಕೂಸುಗೋಳ ಹಾಲು ಕದಿಯೋವಷ್ಟು ಕೆಟ್ಟಾಕಿ ಅಲ್ಲ."

ಮಗಳು ಸಪ್ನಾಳ ಜೊತೆ ಭುವನೇಶ್ವರಿಯವರ ಮನೆ ಬಾಗಿಲಲ್ಲೇ ನಿಂತು ರಾಚವ್ವ ಬಿಕ್ಕಿದಳು. ಆಂಟಾಪ್ ಹಿಲ್‌ನಲ್ಲಿ ಕೂಲಿಯವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಒಂದು ಸೇವಾ ಟ್ರಸ್ಟಿನ ಕೇಂದ್ರದಲ್ಲಿ ಆಕೆ ಒಂಬತ್ತು ವರ್ಷ ಅಡುಗೆ ಮಾಡಿದವಳು. ಭುವನೇಶ್ವರಿಯವರೂ ನಾನೂ, ಅಂದರೆ ತಸ್ಲೀಮ, ಒಂದೇ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವರು. ನಿವೃತ್ತಿಯಾದ ಮೇಲೆ ಅವರು ನಮ್ಮ ಬಿಲ್ಡಿಂಗಿನವರ ಗೋಜಲುಗಳನ್ನು ಬಿಡಿಸುತ್ತಿದ್ದರು, ನಾನು ಜೊತೆಗಿರುತ್ತಿದ್ದೆ.

ಮ್ಯಾನೇಜರ್ ಸೃಜನ್ ಅವಧಿ ಮುಗಿದ ಹಾಲಿನಪುಡಿ ಡಬ್ಬಿಗಳಿಗೆ ಹೊಸ ತಾರೀಖಿನ ಚೀಟಿ ಅಂಟಿಸುವುದನ್ನು ರಾಚವ್ವ ಕಂಡಿದ್ದಳು. ತಪ್ಪು ಕಂಡವರು ಬರೆದು ತಿಳಿಸಿದರೆ ಹೆಸರು ಗುಟ್ಟಾಗಿಡುತ್ತೇನೆಂದು ಟ್ರಸ್ಟಿ ತಿಲಕ್ ಸಭೆಯಲ್ಲಿ ಮಾತು ಕೊಟ್ಟಿದ್ದರು. ಅದನ್ನು ನಂಬಿ ಸಪ್ನಾಳಿಂದ ಪತ್ರ ಬರೆಸಿ, ಅಂಟಿಸಿದ ಲಕೋಟೆಯನ್ನು ವಾಚ್‌ಮನ್ ಪೂವಪ್ಪನ ಕೈಯಲ್ಲಿ ಕಳಿಸಿದಳು. ನಾಲ್ಕೇ ದಿನಕ್ಕೆ ಆಕೆಯ ಚೀಲದಲ್ಲಿ ಹಾಲಿನಪುಡಿ ಡಬ್ಬಿ ಸಿಕ್ಕಿತು. ಮಕ್ಕಳ ತಾಯಂದಿರೆದುರೇ ಕಳ್ಳಿ ಎಂದು ಹೊರಹಾಕಿದರು.

"ಆ ಪೂವಪ್ಪನಽ ಲಕೋಟಿ ಒಡದು ಓದಿ ಮ್ಯಾನೇಜರಗ ಹೇಳಿರಬೇಕ್ರೀ," ಎಂದಳು.

ಭುವನೇಶ್ವರಿಯವರು ಸೃಜನ್ ಸಹಿಯಿದ್ದ ವಜಾ ನೋಟಿಸ್ ಓದಿದರು. ‘ಮಂಗಳವಾರ ಮಧ್ಯಾಹ್ನ ಉಗ್ರಾಣದಿಂದ ಕಳವು’ ಎಂದಿತ್ತು. ಸಪ್ನಾಳ ಮೊಬೈಲಿನಲ್ಲಿದ್ದ ಪತ್ರದ ಫೋಟೋ ನೋಡಿದರು.

"ಚೀಟಿ ಅಂಟಿಸಿದ್ದು ಯಾವತ್ತು?"

"ಸೋಮವಾರ್ರೀ. ಮಂಗಳವಾರ ನೀರು ಬರಲಿಲ್ಲಂತ ಕೇಂದ್ರ ಬಂದ್ ಇತ್ತು. ಮ್ಯಾನೇಜರ್ರು ಅವತ್ತು ಅಂಧೇರಿ ಆಫೀಸಿನ್ಯಾಗ ಇದ್ರು."

"ಪತ್ರದಲ್ಲಿ ಮಂಗಳವಾರ ಅಂತಿದೆಯಲ್ಲ?"

ಸಪ್ನಾ ನಾಲಿಗೆ ಕಚ್ಚಿಕೊಂಡಳು. "ಸಾರಿ ಟೀಚರ್, ಮೇರಿ ಗಲತಿ, ನಂದೇ ತಪ್ಪು."

ವಿಚಾರಣೆ ಆಗಲೇಬೇಕೆಂದು ಭುವನೇಶ್ವರಿಯವರು ಪಟ್ಟುಹಿಡಿದು, ಶನಿವಾರ ಸಂಜೆ ಎಲ್ಲರನ್ನೂ ಕೇಂದ್ರದಲ್ಲಿ ಸೇರಿಸಿದರು.

"ತಿಲಕ್ ಅವರೇ, ಲಕೋಟೆ ಒಡೆದಿತ್ತೇ?"

"ಇಲ್ಲ. ನಾನೇ ಕತ್ತರಿಸಿ ಓದಿ, ಮನೆಯ ಕಪಾಟಿನಲ್ಲಿ ಬೀಗ ಹಾಕಿಟ್ಟೆ."

"ಸೃಜನ್, ನೀವು ಪತ್ರ ಓದಿದ್ದೀರಾ?"

"ನೋ ಮೇಡಂ. ಪತ್ರ ಬಂದದ್ದೇ ಗೊತ್ತಿಲ್ಲ."

"ಮತ್ತೆ ನೋಟಿಸಿನಲ್ಲಿ ಮಂಗಳವಾರ ಎಲ್ಲಿಂದ ಬಂತು? ಅವತ್ತು ಈ ಬಾಗಿಲೇ ತೆರೆದಿರಲಿಲ್ಲ. ಅಂಧೇರಿ ಆಫೀಸಿನಲ್ಲಿದ್ದ ನಿಮಗದು ತಿಳಿದಿರಲಿಲ್ಲ. ಅದು ಪತ್ರದಲ್ಲಿ ಸೋಮವಾರದ ಬದಲು ಸಪ್ನಾ ಕೈತಪ್ಪಿ ಬರೆದ ದಿನ. ಎರಡು ಉತ್ತರಪತ್ರಿಕೆಗಳಲ್ಲಿ ಒಂದೇ ತಪ್ಪಿದ್ದರೆ ಒಬ್ಬರು ಇನ್ನೊಬ್ಬರದನ್ನು ನೋಡಿದ್ದಾರೆಂದೇ ಅರ್ಥ. ಲಕೋಟೆ ಒಡೆಯದೆ ತಲುಪಿದೆ, ಆದ್ದರಿಂದ ಪೂವಪ್ಪನಲ್ಲ. ಪತ್ರ ತೋರಿಸಬಲ್ಲವರು ತಿಲಕ್ ಒಬ್ಬರೇ."

ತಿಲಕ್ ಮುಖ ಒರೆಸಿಕೊಂಡರು. "ವೆರಿಫೈ ಮಾಡೋಕೆ ಅಂತ ವಾಟ್ಸಾಪ್ ಮಾಡಿದೆ, ಅಷ್ಟೇ. ಸಂಸ್ಥೆಯ ಮರ್ಯಾದೆ ಮುಖ್ಯ ಅಲ್ವಾ?"

"ಯಾರ ಮೇಲೆ ದೂರೋ ಅವನಿಗೇ ಕಳಿಸಿದಿರಿ!" ನಾನು ಕೂಗಿಬಿಟ್ಟೆ.

ಆಗ ಪೂವಪ್ಪ ಮುಂದೆ ಬಂದ. "ಡಬ್ಬಿ ಸಿಕ್ಕಿದ ದಿನ ಸೃಜನ್ ಸಾರ್ ಅಡುಗೆಮನೆಯಲ್ಲಿ ಒಬ್ಬರೇ ಇದ್ದದ್ದು. ಹೊರಗೆ ಬಂದು, ರಾಚವ್ವನ ಚೀಲ ಮಾತ್ರ ನೋಡು ಅಂತ ನನಗೆ ಹೇಳಿದ್ದು."

ಸಾಕ್ಷಿಯೆಂದು ಇಟ್ಟಿದ್ದ ಡಬ್ಬಿಯ ಚೀಟಿಯನ್ನು ಭುವನೇಶ್ವರಿಯವರು ಬಿಸಿನೀರಿನ ಬಟ್ಟೆಯೊತ್ತಿ ಸುಲಿದರು. ಕೆಳಗಿನ ತಾರೀಖು ಮುಗಿದು ಎಂಟು ತಿಂಗಳಾಗಿತ್ತು. "ಅವಸರದಲ್ಲಿ ಅದೇ ರಾಶಿಯ ಡಬ್ಬಿ ತುರುಕಿದಿರಿ, ಸೃಜನ್."

ತಿಲಕ್ ಮೆಲ್ಲಗೆ, "ರಾಚವ್ವ, ಸೋಮವಾರದಿಂದ ಸುಮ್ಮನೆ ಕೆಲಸಕ್ಕೆ ಬಾ. ವಿಷಯ ಇಲ್ಲಿಗೇ ಬಿಡೋಣ," ಎಂದರು.

"ಸುಮ್ಮನ ಯಾಕ್ರೀ? ಕಳ್ಳಿ ಅಂದಾಗ ಎಲ್ಲಾರ ಮುಂದ ಅಂದ್ರಿ."

ಹೊರಗೆ ಮಕ್ಕಳನ್ನು ಕರೆದೊಯ್ಯಲು ತಾಯಂದಿರು ಬಂದಿದ್ದರು. ರಾಚವ್ವ ಡಬ್ಬಿ ಎತ್ತಿಕೊಂಡು ಅವರ ನಡುವೆ ಹೋಗಿ ನಿಂತಳು. ಈ ಸಲ ಯಾರಿಂದಲೂ ಬರೆಸಲಿಲ್ಲ. ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿ ಮಾತು ಶುರುಮಾಡಿದಳು.